ಹಣ್ಣು, ಮಸಾಲೆ ಬೆರೆತ ಬಿಯರ್: ರುಚಿ ನೋಡುವ, ವಿಮರ್ಶೆ ಬರೆಯುವ ಸಮಗ್ರ ಮಾರ್ಗದರ್ಶಿ

ಮಾವಿನಹಣ್ಣಿನ ಬಿಯರ್ ತರಿಸಿಕೊಂಡವರಿಂದ ಎರಡು ದೂರು ಕೇಳಿಬರುತ್ತವೆ. ಒಬ್ಬರು ‘ಇದರಲ್ಲಿ ಮಾವೇ ಇಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಇದು ಬಿಯರೇ ಅಲ್ಲ, ಜ್ಯೂಸು’ ಅನ್ನುತ್ತಾರೆ. ಎರಡು ದೂರಿಗೂ ಮೂಲ ಒಂದೇ, ಸಕ್ಕರೆ. ಹುದುಗುವ ಬಿಯರಿಗೆ ಹಣ್ಣು ಹಾಕಿದರೆ ಯೀಸ್ಟ್ ಮೊದಲು ತಿಂದು ಮುಗಿಸುವುದೇ ಹಣ್ಣಿನ ಸಕ್ಕರೆಯನ್ನು. ಉಳಿಯುವುದು ಹುಳಿ, ಒಗರು, ಬಣ್ಣ, ಒಂದಿಷ್ಟು ಕಂಪು. ಸಿಹಿ ಕಳೆದುಕೊಂಡ ಮಾವು ನಾಲಿಗೆಗೆ ಮಾವಿನಂತೆ ಕಾಣುವುದಿಲ್ಲ. ಬಿಯರ್ ಸಿಹಿಯಾಗಿಯೇ ಇದ್ದರೆ ಆ ಸಿಹಿಯನ್ನು ಯಾರೋ ಆಮೇಲೆ ತಂದು ಸೇರಿಸಿದ್ದಾರೆ, ಇಲ್ಲವೇ ಯೀಸ್ಟ್ ತಿನ್ನಲಾಗದ ಸಕ್ಕರೆ ಹಾಕಿದ್ದಾರೆ, ಇಲ್ಲವೇ ಕೆಲಸ ಮುಗಿಯುವ ಮೊದಲೇ ಯೀಸ್ಟನ್ನು ನಿಲ್ಲಿಸಿದ್ದಾರೆ.

ಇದು ಗೊತ್ತಿದ್ದರೆ ವಿಮರ್ಶೆಯ ಪ್ರಶ್ನೆಯೇ ಬದಲಾಗುತ್ತದೆ. ‘ಹಣ್ಣಿನ ರುಚಿ ಎಷ್ಟಿದೆ’ ಎಂದು ಅಳೆಯುವುದರಿಂದ ಏನೂ ತಿಳಿಯುವುದಿಲ್ಲ. ಹಣ್ಣು ಬಿಯರಿನ ಪಕ್ಕದಲ್ಲಿ ನಿಂತಿದೆಯೇ, ಅದರ ತಲೆಯ ಮೇಲೆ ಕೂತಿದೆಯೇ ಎಂದು ನೋಡಬೇಕು. ಕೆಳಗಿನ ಹಂತಗಳೆಲ್ಲ ಇದನ್ನು ಕಂಡುಹಿಡಿಯುವುದಕ್ಕಾಗಿಯೇ ಇವೆ. ಕಾನೂನು ಒಪ್ಪುವ ವಯಸ್ಸಾದವರು ಮಾತ್ರ ಮುಂದೆ ಓದಿ.

ತಳದ ಬಿಯರ್ ಯಾವುದು?

ಹಣ್ಣು, ಮಸಾಲೆಗಳ ಕೆಳಗೆ ಒಂದು ಬಿಯರ್ ಇದ್ದೇ ಇರುತ್ತದೆ. ಅದರ ಗುರುತು ಸಿಗದೆ ವಿಮರ್ಶೆ ಶುರುಮಾಡಬಾರದು. ಬೆಂಗಳೂರಿನ ಬ್ರೂಪಬ್‌ಗಳಲ್ಲಿ (ತಮ್ಮಲ್ಲೇ ಬಿಯರ್ ತಯಾರಿಸಿ ಮಾರುವ ಪಬ್) ಬೇಸಿಗೆಯಲ್ಲಿ ಸಿಗುವ ಮಾವಿನ ಬಿಯರಿನ ತಳದಲ್ಲಿ ಸಾಮಾನ್ಯವಾಗಿ ಗೋಧಿ ಬಿಯರ್ ಇರುತ್ತದೆ. ಆದರೆ ಗೋಧಿ ಬಿಯರಿನಲ್ಲಿಯೂ ಎರಡು ಜಾತಿ. ಜರ್ಮನ್ ಬಗೆಯದರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಅದು ಯೀಸ್ಟ್ ಮಾಡಿದ್ದು, ಯಾರೂ ಹಾಕಿದ್ದಲ್ಲ. ಬೆಲ್ಜಿಯನ್ ‘ವಿಟ್’ನಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯನ್ನು ಬೇಕೆಂದೇ ಹಾಕುತ್ತಾರೆ. ಹೂಗಾರ್ಡನ್ ಎಂಬ ಊರಿನಲ್ಲಿ ನಿಂತೇಹೋಗಿದ್ದ ಈ ಶೈಲಿಯನ್ನು 1960ರ ದಶಕದಲ್ಲಿ ಮತ್ತೆ ಎಬ್ಬಿಸಿದವರು ಪಿಯರ್ ಸೆಲಿಸ್. ಬೆಂಗಳೂರಿನ ಟೋಯ್ಟ್ ಬ್ರೂಪಬ್‌ನಲ್ಲಿ ಸಿಗುವ ಟಿಂಟಿನ್ ಟೋಯ್ಟ್, ಅಂಗಡಿಯಲ್ಲಿ ಸಿಗುವ ಬಿರಾ ವೈಟ್ ಎರಡೂ ಈ ಕಡೆಯ ನೆಂಟರು. ವಿಟ್ ಕುಡಿದು ‘ಯಾರೋ ಧನಿಯ ಹಾಕಿಬಿಟ್ಟಿದ್ದಾರೆ’ ಎಂದು ದೂರು ಬರೆದರೆ ನಗೆಪಾಟಲು.

ಇನ್ನು ಕೆಲವನ್ನು ತಿಳಿದಿರಬೇಕು. ಲೈಪ್‌ಜಿಗ್ ಕಡೆಯ ಗೋಸ ಬಿಯರಿಗೆ ಉಪ್ಪು, ಕೊತ್ತಂಬರಿ ಬೀಜ ಬೀಳುತ್ತವೆ, ಮಜ್ಜಿಗೆಯಂಥ ಹುಳಿಯೂ ಇರುತ್ತದೆ. ಬಾಂಬರ್ಗ್‌ನ ಹೊಗೆ ಬಿಯರಿನ ಘಾಟು ಬೀಚ್ ಮರದ ಬೆಂಕಿಯಲ್ಲಿ ಒಣಗಿಸಿದ ಮೊಳಕೆ ಧಾನ್ಯದಿಂದ, ಅಂದರೆ ಮಾಲ್ಟ್‌ನಿಂದ ಬರುತ್ತದೆ. ಬ್ರಸೆಲ್ಸ್‌ನಲ್ಲಿ 1900ರಿಂದ ಇರುವ ಕಾಂಟಿಯೋಂನಂಥ ಮನೆತನದ ಬ್ರೂವರಿಗಳು ಗಾಳಿಯಲ್ಲಿನ ಯೀಸ್ಟಿನಿಂದಲೇ ಹುದುಗುವ ಲ್ಯಾಂಬಿಕ್‌ಗೆ ಹುಳಿ ಚೆರ್ರಿ ಹಾಕಿ ‘ಕ್ರೀಕ್’ ಮಾಡುತ್ತವೆ. ಹಣ್ಣಿನ ಬಿಯರ್ ಸಿಹಿಯಾಗಿರಲೇಬೇಕು ಎಂದು ನಂಬಿದವರಿಗೆ ಒಂದು ಗುಟುಕು ಕ್ರೀಕ್ ಕೊಟ್ಟರೆ ಸಾಕು, ಹಲ್ಲು ಜುಮ್ಮೆನ್ನುವಷ್ಟು ಒಣ, ಹುಳಿ.

ಬ್ರೂಪಬ್‌ನಲ್ಲಿ ಒಂದು ಅನುಕೂಲ ಇದೆ: ಅನೇಕ ಕಡೆ ಅದೇ ಬಿಯರನ್ನು ಹಣ್ಣು ಹಾಕದೆಯೂ ಮಾರುತ್ತಿರುತ್ತಾರೆ. ಎರಡನ್ನೂ ಸಣ್ಣ ಸ್ಯಾಂಪ್ಲರ್ ಗ್ಲಾಸಿನಲ್ಲಿ ತರಿಸಿ, ಸಾದಾ ಬಿಯರನ್ನು ಮೊದಲು ರುಚಿ ನೋಡಿ. ಇವೆರಡರ ನಡುವಿನ ವ್ಯತ್ಯಾಸವೇ ಹಣ್ಣಿನ ಕೆಲಸ.

ಮೂಗಿಗೆ ಮೊದಲು ಸಂತೆ ತೋರಿಸಿ

ಹೆಚ್ಚಿನ ವಿಮರ್ಶೆಗಳು ಸೋಲುವುದು ಇಲ್ಲಿ. ವಾಸನೆ ಗೊತ್ತಾಗುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ, ಕೊನೆಗೆ ‘ರಿಫ್ರೆಶಿಂಗ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮದ್ದು ಅಡುಗೆಮನೆಯಲ್ಲೇ ಇದೆ. ರುಚಿ ನೋಡುವ ದಿನ ಬೆಳಿಗ್ಗೆ ಹನ್ನೊಂದು ಸಣ್ಣ ಮುಚ್ಚಳದ ಡಬ್ಬಿ ಇಟ್ಟುಕೊಳ್ಳಿ. ಜಜ್ಜಿದ ಕೊತ್ತಂಬರಿ ಬೀಜ ಅರ್ಧ ಚಮಚ, ಕಿತ್ತಳೆ ಸಿಪ್ಪೆ ಒಂದು ಚೂರು (ಬಿಳಿ ಭಾಗ ಬೇರೆ, ಹಳದಿ ಭಾಗ ಬೇರೆ), ಎರಡು ಲವಂಗ, ಮಾಗಿದ ಬಾಳೆಹಣ್ಣು, ಬೇಯಿಸಿದ ಮುಸುಕಿನ ಜೋಳ, ಬೆಣ್ಣೆ, ಒದ್ದೆ ರಟ್ಟಿನ ಚೂರು, ವಿನೆಗರ್, ಹುಳಿ ಮಜ್ಜಿಗೆ. ಜೊತೆಗೆ ಅವತ್ತಿನ ಬಿಯರಿನಲ್ಲಿ ಇದೆ ಎಂದು ಹೇಳುವ ಹಣ್ಣು. ಮುಚ್ಚಿಟ್ಟು ಒಂದು ಗಂಟೆ ಬಿಟ್ಟು, ಕಣ್ಣುಮುಚ್ಚಿ ಒಂದೊಂದೇ ಮೂಸಿ ಹೆಸರು ಹೇಳಿ. ಮೊದಲ ಸಲ ಹನ್ನೊಂದರಲ್ಲಿ ಐದಾರು ತಪ್ಪಿದರೆ ಗಾಬರಿ ಬೇಡ.

ಮಾವಿನ ವಿಚಾರದಲ್ಲಿ ಒಂದು ಹಣ್ಣು ಸಾಲದು. ಬಾದಾಮಿ, ರಸಪುರಿ, ತೋತಾಪುರಿ ಮೂರರ ಕಂಪೂ ಬೇರೆಬೇರೆ. ಕಾರ್ಖಾನೆಯ ಮಾವಿನ ತಿರುಳು ಬಹುಪಾಲು ತೋತಾಪುರಿಯದು. ಅದರ ಹುಳಿ ಹೆಚ್ಚು, ಕಂಪು ಕಡಿಮೆ. ಬಾದಾಮಿಯ ನೆನಪಿನಲ್ಲಿ ತೋತಾಪುರಿ ಬಿಯರ್ ಕುಡಿದರೆ ನಿರಾಸೆ ಖಚಿತ. ತೊಟ್ಟಿನ ಹತ್ತಿರ ಬರುವ ಸೊನೆಯ ವಾಸನೆಯನ್ನೂ ಒಮ್ಮೆ ಬೇಕೆಂದೇ ಮೂಸಿ ನೆನಪಿಟ್ಟುಕೊಳ್ಳಿ. ಸಿಪ್ಪೆ ಸಮೇತ ರುಬ್ಬಿದ ತಿರುಳು ಬಿದ್ದಿದ್ದರೆ ಬಿಯರಿನಲ್ಲಿ ಅದು ಟರ್ಪೆಂಟೈನಿನಂತೆ ಮೇಲೆದ್ದು ಬರುತ್ತದೆ.

ನಾಲಿಗೆಗೂ ಪಾಠ ಬೇಕು. ಒಂದೊಂದು ಲೀಟರ್ ನೀರಿನಲ್ಲಿ 10 ಗ್ರಾಂ ಸಕ್ಕರೆ, 1 ಗ್ರಾಂ ಉಪ್ಪು, 10 ಮಿ.ಲೀ. ನಿಂಬೆರಸ ಬೇರೆಬೇರೆಯಾಗಿ ಕಲಸಿ. ಕಹಿಗೆ ಸಕ್ಕರೆ ಹಾಕದ ಕಾಫಿ ಡಿಕಾಕ್ಷನ್ನಿನ ಕೆಲವು ಹನಿ ನೀರಿಗೆ, ಒಗರಿಗೆ ಹೆಚ್ಚು ಹೊತ್ತು ನೆನೆದ ಟೀ. ಕಹಿ, ಒಗರು ಎರಡನ್ನೂ ಒಂದೇ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಕಹಿ ರುಚಿ; ಒಗರು ಸ್ಪರ್ಶ, ಎಳೆ ಅಡಿಕೆ ಅಗಿದಾಗ ಬಾಯೊಳಗಿನ ಚರ್ಮ ಬಿಗಿಯುವಂಥದ್ದು. ಕನ್ನಡದಲ್ಲಿ ಅದಕ್ಕೆ ದಿನಬಳಕೆಯ ಮಾತೇ ಇದೆ, ಇದು ಲಾಭ. ಕಮಟು, ಮುಗ್ಗಲು, ಘಾಟು, ಸೊಗಡು, ಹಸಿವಾಸನೆ, ಸೀದ ವಾಸನೆ, ಎಲ್ಲವೂ ಕೈಗೆಟಕುವಲ್ಲಿವೆ. ಇವಿದ್ದೂ ‘ಕಾಂಪ್ಲೆಕ್ಸ್ ನೋಟ್ಸ್’ ಎಂದು ಬರೆಯುವುದು ಸೋಮಾರಿತನ.

ಗ್ಲಾಸು, ತಂಪು, ಸಾಲು

ಬಾಯಿ ಸ್ವಲ್ಪ ಒಳಕ್ಕೆ ಬಾಗಿದ ಗ್ಲಾಸ್ ಬೇಕು. ಟುಲಿಪ್ ಇಲ್ಲದಿದ್ದರೆ ಸಾಧಾರಣ ವೈನ್ ಗ್ಲಾಸ್ ಸಾಕು. ನೇರ ಗೋಡೆಯ ಮಗ್ ಬಾಯಾರಿಕೆಗೆ ಸರಿ, ಮೂಗಿಗೆ ಅಲ್ಲ. ನಿಂಬೆ ಪರಿಮಳದ ಸೋಪು ಬಳಸಬೇಡಿ: ಅದರ ಪದರ ನೊರೆ ಕೊಲ್ಲುತ್ತದೆ, ಅದರ ವಾಸನೆ ನಿಮ್ಮ ವಿಮರ್ಶೆಯಲ್ಲಿ ‘ಸಿಟ್ರಸ್’ ಆಗಿ ಕಾಣಿಸಿಕೊಳ್ಳುತ್ತದೆ. ಬಿಸಿನೀರು, ಒಂದು ಚಿಟಿಕೆ ಅಡುಗೆ ಸೋಡಾದಿಂದ ತೊಳೆದು, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಆರಿಸಿ. ಪರೀಕ್ಷೆ ಸುಲಭ. ಒದ್ದೆ ಗ್ಲಾಸಿನ ಒಳಗೋಡೆಯ ಮೇಲೆ ನೀರು ಸಮನಾದ ಹಾಳೆಯಂತೆ ಇಳಿದರೆ ಶುದ್ಧ, ಹನಿಹನಿಯಾಗಿ ಒಡೆದರೆ ಜಿಡ್ಡು ಇದೆ. ಬಿಯರ್ ಸುರಿದ ಮೇಲೆ ಗುಳ್ಳೆಗಳು ಗೋಡೆಗೆ ಅಂಟಿ ಕೂತರೂ ಅದೇ ಅರ್ಥ.

ತಂಪಿನ ವಿಷಯದಲ್ಲಿ ನಮ್ಮ ಅಭ್ಯಾಸವೇ ಶತ್ರು. ಫ್ರಿಜ್‌ನಿಂದ ಹೊರಬಂದ ಬಿಯರ್ 3–5 ಡಿಗ್ರಿ ಇರುತ್ತದೆ, ಆ ತಂಪಿಗೆ ನಾಲಿಗೆ ಅರ್ಧ ಮರಗಟ್ಟಿರುತ್ತದೆ. ಗೋಧಿ ಬಿಯರಿಗೆ 6–8, ಹುಳಿ ಬಿಯರಿಗೆ 8–10, ಕಾಫಿ ಅಥವಾ ಚಾಕೊಲೇಟ್ ಹಾಕಿದ ಸ್ಟೌಟ್ ಎಂಬ ಕಪ್ಪು ಬಿಯರಿಗೆ 10–13 ಡಿಗ್ರಿ ಸರಿ. ಅಡುಗೆಮನೆಯ ಥರ್ಮಾಮೀಟರ್ ಒಂದಿದ್ದರೆ ಊಹೆ ಬೇಡ. ಇದೊಂದು ನಿಯಮ ಬಿಡಬೇಡಿ: ಗ್ಲಾಸಿನ ಮೂರನೇ ಒಂದು ಭಾಗವನ್ನು ಕುಡಿಯದೆ ಉಳಿಸಿ, ಅದು 15 ಡಿಗ್ರಿಗೆ ಏರಿದಾಗ ಮತ್ತೆ ನೋಡಿ. ತಂಪಿನಲ್ಲಿ ಮುಚ್ಚಿಹೋಗಿದ್ದ ಎಸೆನ್ಸು, ಬೆಣ್ಣೆ ವಾಸನೆ, ಅಂಟುಸಿಹಿ ಆಗ ಹೊರಬೀಳುತ್ತವೆ. ಒಳ್ಳೆಯ ಬಿಯರ್ ಬೆಚ್ಚಗಾದರೂ ಕುಡಿಯುವಂತಿರುತ್ತದೆ.

ಒಂದು ಕೂಟಕ್ಕೆ ಐದು ಬಿಯರ್ ಸಾಕು, ತಲಾ 80 ಮಿ.ಲೀ. ಶೇ. 5ರ ಬಿಯರಾದರೆ ಒಟ್ಟು 400 ಮಿ.ಲೀ., ಅಂದರೆ ಸುಮಾರು 16 ಗ್ರಾಂ ಆಲ್ಕೋಹಾಲ್. ಶೇ. 8ರ ಸ್ಟ್ರಾಂಗ್ ಬಿಯರಿನ ಒಂದು 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ ಇರುತ್ತದೆ. ಅದನ್ನು ಮುಗಿಸಿದ ಮೇಲೆ ಬರೆದ ವಿಮರ್ಶೆ ಬಿಯರಿನದಲ್ಲ, ಅಮಲಿನದು. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಐದು ಸಣ್ಣ ಗ್ಲಾಸುಗಳೂ ಅದನ್ನು ದಾಟಿಸಬಲ್ಲವು, ಆಟೋ ಹಿಡಿಯಿರಿ.

ಸಾಲು ಹೀಗಿರಲಿ: ಹಗುರದ್ದು ಮೊದಲು, ಗಟ್ಟಿಯದು ಆಮೇಲೆ; ಒಣದ್ದು ಮೊದಲು, ಸಿಹಿ ಆಮೇಲೆ; ಹುಳಿ ನಡುವೆ; ಹೊಗೆ, ಮೆಣಸು, ಕಾಫಿ ಕೊನೆಗೆ. ಸಿಹಿ ಸ್ಟೌಟ್ ಕುಡಿದ ಮೇಲೆ ಯಾವ ಗೋಧಿ ಬಿಯರೂ ನೀರಿನಂತೆಯೇ ಕಾಣುತ್ತದೆ. ಪಕ್ಕದಲ್ಲಿ ಸಾಧಾರಣ ತಂಪಿನ ನೀರು, ಉಪ್ಪಿಲ್ಲದ ಅರಳು ಅಥವಾ ಸಾದಾ ಬ್ರೆಡ್. ಕಾಂಗ್ರೆಸ್ ಕಡ್ಲೇಬೀಜ, ಗೋಬಿ ಮಂಚೂರಿ ಎಲ್ಲ ಬರೆದು ಮುಗಿಸಿದ ಮೇಲೆ. ಸೆಂಟು, ಅಗರಬತ್ತಿ, ಮಲ್ಲಿಗೆ ಹೂವು ಅದೇ ಕೋಣೆಯಲ್ಲಿ ಬೇಡ.

ಸುರಿಯುವುದು, ನೋಡುವುದು

ಗ್ಲಾಸನ್ನು ಓರೆ ಹಿಡಿದು ಅರ್ಧ ಸುರಿದು, ಆಮೇಲೆ ನೆಟ್ಟಗೆ ನಿಲ್ಲಿಸಿ ಎರಡು ಬೆರಳಿನಷ್ಟು ನೊರೆ ಎಬ್ಬಿಸಿ. ನೊರೆ ಎಷ್ಟು ಹೊತ್ತು ನಿಂತಿತು, ಬಣ್ಣ, ತಿಳಿಯೋ ಮಸುಕೋ, ಇಷ್ಟು ಬರೆದರೆ ಸಾಕು. ತೆಂಗು, ಕಾಫಿ, ಕಿತ್ತಳೆ ಸಿಪ್ಪೆಯ ಎಣ್ಣೆ ನೊರೆಯನ್ನು ಬೇಗ ಕೆಡವುತ್ತದೆ; ಹಣ್ಣಿನ ಪೆಕ್ಟಿನ್ ಮಸುಕು ತರುತ್ತದೆ. ಇವು ದೋಷವಲ್ಲ. ಕ್ಯಾನ್ ಉಬ್ಬಿದ್ದರೆ ಅಥವಾ ತೆರೆದ ಕೂಡಲೇ ಬಿಯರ್ ಉಕ್ಕಿ ಮೇಜು ತೊಳೆದರೆ ಅದು ದೋಷ: ಹಣ್ಣಿನ ಸಕ್ಕರೆ ಉಳಿದು, ಜೀವಂತ ಯೀಸ್ಟ್ ಒಳಗೇ ಮತ್ತೆ ಹುದುಗಿದೆ.

ಮೂಸುವುದು

ಗ್ಲಾಸನ್ನು ಒಂದು ಗೇಣು ದೂರದಿಂದ ಮೂಗಿನ ಮುಂದೆ ಹಾಯಿಸಿ. ಇಷ್ಟು ದೂರಕ್ಕೇ ಬರುವುದು ಅತಿ ಹಗುರ ವಾಸನೆಗಳು, ಗಂಧಕದವು ಕೂಡ. ಅವು ನಿಮಿಷದೊಳಗೆ ಹಾರಿಹೋಗುತ್ತವೆ, ಆದ್ದರಿಂದ ಮೊದಲು ಇದನ್ನೇ ಬರೆಯಿರಿ. ಆಮೇಲೆ ಹತ್ತಿರ ತಂದು ಎರಡು ಮೂರು ಚಿಕ್ಕ ಉಸಿರು, ನಾಯಿ ಮೂಸಿದಂತೆ. ಒಂದೇ ಉದ್ದ ಉಸಿರು ಎಳೆದರೆ ಮೂಗು ಬೇಗ ದಣಿಯುತ್ತದೆ. ಮೂರನೆಯದಾಗಿ ಅಂಗೈಯಿಂದ ಮುಚ್ಚಿ, ಐದಾರು ಸುತ್ತು ತಿರುಗಿಸಿ, ಕೈ ತೆಗೆದು ಕೂಡಲೇ ಮೂಸಿ. ಮೂಗು ಮಂಕಾದರೆ ಕಾಫಿ ಬೀಜ ಬೇಡ, ನಿಮ್ಮದೇ ಮೊಣಕೈ ಒಳಮಡಿಕೆಯನ್ನು ಮೂಸಿ ಅರ್ಧ ನಿಮಿಷ ಬಿಡಿ.

ಪ್ರತಿ ಸಲವೂ ಎರಡು ಸಾಲು ಬರೆಯಬೇಕು. ಒಂದು ಹಣ್ಣಿನದು, ಇನ್ನೊಂದು ಬಿಯರಿನದು: ಬ್ರೆಡ್ಡಿನ ಅಂಚು, ಬಿಸ್ಕತ್ತು, ಹುರಿದ ಗೋಧಿ, ಹಾಪ್ಸಿನ (ಬಿಯರಿಗೆ ಕಹಿ, ಕಂಪು ಕೊಡುವ ಹೂವು) ಹಸಿರುವಾಸನೆ, ಯೀಸ್ಟಿನ ಬಾಳೆ. ಎರಡನೇ ಸಾಲು ಖಾಲಿ ಉಳಿದರೆ ಹಣ್ಣು ತಲೆಯ ಮೇಲೆ ಕೂತಿದೆ ಎಂದೇ ಅರ್ಥ.

ಗುಟುಕು, ಮೂಗು ಹಿಡಿದು

ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ ಎಂಬ ಹಳೆಯ ನಕ್ಷೆ ತಪ್ಪು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ತಿಳಿಯುತ್ತದೆ. ಆದರೂ ಬಿಯರನ್ನು ನುಂಗಿಯೇ ನೋಡಬೇಕು. ನುಂಗಿದ ಮೇಲೆ ಬಾಯಿಯ ಹಿಂದಿನಿಂದ ಮೂಗಿಗೆ ಏರುವ ಉಸಿರಿನಲ್ಲಿ ಅರ್ಧ ಕಥೆ ಇರುತ್ತದೆ.

ಹಣ್ಣಿನ ಬಿಯರಿಗೆಂದೇ ಮೂಗು ಹಿಡಿಯುವ ಪರೀಕ್ಷೆ ಇದೆ, ಇದನ್ನು ತಪ್ಪಿಸಬೇಡಿ. ಮೂಗನ್ನು ಬಿಗಿಯಾಗಿ ಹಿಡಿದು 15 ಮಿ.ಲೀ. ಗುಟುಕರಿಸಿ, ಮೂರು ಸೆಕೆಂಡು ಬಾಯಲ್ಲಿ ಹೊರಳಿಸಿ. ಈಗ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಒಗರು, ಖಾರ ಮಾತ್ರ. ಅವನ್ನು ಬರೆದುಕೊಳ್ಳಿ. ಇನ್ನೊಂದು ಗುಟುಕು, ಮೂಗು ಹಿಡಿದೇ ನುಂಗಿ, ಆಮೇಲೆ ಬೆರಳು ಬಿಟ್ಟು ಮೂಗಿನಿಂದ ಉಸಿರು ಹೊರಬಿಡಿ. ನುಗ್ಗಿ ಬರುವುದೆಲ್ಲ ಕಂಪು. ವೆನಿಲಾ, ಮಾವು, ಸ್ಟ್ರಾಬೆರಿಯ ಕಂಪಿಗೆ ಮೆದುಳು ತಾನೇ ಸಿಹಿ ಸೇರಿಸಿಕೊಳ್ಳುತ್ತದೆ. ‘ತುಂಬಾ ಸಿಹಿ’ ಎಂದುಕೊಂಡ ಬಿಯರ್ ಮೂಗು ಹಿಡಿದಾಗ ಸಪ್ಪೆ ಎನಿಸಿದರೆ ಅದರಲ್ಲಿ ಸಕ್ಕರೆಯಿಲ್ಲ, ಕಂಪಿನ ಆಟ ಅದು. ಮೂಗು ಹಿಡಿದರೂ ಸಿಹಿ ನಿಂತರೆ ನಿಜವಾದ ಸಿಹಿ. ಆ ಸಿಹಿ ನುಂಗಿ ಇಪ್ಪತ್ತು ಸೆಕೆಂಡಾದರೂ ನಾಲಿಗೆಯ ಮೇಲೆ ತೆಳ್ಳಗೆ, ಲೋಹದಂತೆ ಉಳಿದರೆ ಕೃತಕ ಸಿಹಿಕಾರಕದ ಅನುಮಾನ ಪಡಬಹುದು. ಕೆನೆಯಂತೆ ಮೆತ್ತಗಿದ್ದರೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಬಿಯರ್ ಯೀಸ್ಟ್ ಅದನ್ನು ತಿನ್ನುವುದಿಲ್ಲ. ಹಾಲು ಒಗ್ಗದವರೂ ಓದುವುದರಿಂದ ಲ್ಯಾಕ್ಟೋಸ್ ಇದ್ದರೆ ವಿಮರ್ಶೆಯಲ್ಲಿ ಹೇಳಿ.

ಹುಳಿಯ ಜಾತಿಯನ್ನೂ ಬಿಡಿಸಿ. ನಿಂಬೆಯ ಹುಳಿ ಚುರುಕು, ಬೇಗ ಮಾಯ. ಮಜ್ಜಿಗೆ ಹುಳಿ ದುಂಡಗೆ, ಮೆತ್ತಗೆ. ಬೇಗ ಹುಳಿಬರಿಸಿದ ಬಿಯರಿನಲ್ಲಿ ಇದೇ ಹೆಚ್ಚು. ಪುನರ್ಪುಳಿಯ ಹುಳಿಗೆ ಹಿಂದೆಯೇ ಒಗರು ಬರುತ್ತದೆ. ವಿನೆಗರಿನ ಹುಳಿ ಗಂಟಲು ಸುಡುತ್ತದೆ. ಬೆಲ್ಜಿಯಂ ಹುಳಿ ಬಿಯರಿನಲ್ಲಿ ಚೂರು ಇದ್ದರೆ ಸರಿ, ಮಾವಿನ ಗೋಧಿ ಬಿಯರಿನಲ್ಲಿ ಇದ್ದರೆ ಬ್ಯಾಕ್ಟೀರಿಯಾ ಒಳಹೊಕ್ಕಿದೆ. ಗ್ಯಾಸಿನ ಚುಚ್ಚುವಿಕೆಯನ್ನೂ ಹುಳಿ ಎಂದುಕೊಳ್ಳುವುದುಂಟು. ಗ್ಲಾಸನ್ನು ಚೆನ್ನಾಗಿ ತಿರುಗಿಸಿ ಗ್ಯಾಸ್ ಇಳಿಸಿ ಮತ್ತೊಮ್ಮೆ ನೋಡಿ. ಗುಟುಕುಗಳ ನಡುವೆ ಒಂದು ನಿಮಿಷ, ಒಂದು ಬಾಯಿ ನೀರು.

ಹಣ್ಣೋ, ತಿರುಳೋ, ಎಸೆನ್ಸೋ

ಮೊದಲು ಲೇಬಲ್ ಓದಿ. ಸುವಾಸನೆ ಸೇರಿಸಿದ್ದರೆ ಅಲ್ಲಿ ಬರೆದಿರಬೇಕು. ಬ್ರೂಪಬ್‌ನಲ್ಲಾದರೆ ಕೇಳಿ: ಹಣ್ಣು ಯಾವ ಹಂತದಲ್ಲಿ ಬಿತ್ತು, ಲೀಟರಿಗೆ ಎಷ್ಟು? ಮಾವಿನಂಥ ಸೌಮ್ಯ ಹಣ್ಣು ಲೀಟರಿಗೆ 100ರಿಂದ 250 ಗ್ರಾಂ ಬೀಳದಿದ್ದರೆ ಗೊತ್ತೇ ಆಗುವುದಿಲ್ಲ. ರಾಸ್ಪ್‌ಬೆರಿ ಅದರ ಅರ್ಧಕ್ಕೇ ಕೂಗುತ್ತದೆ. ಕೊತ್ತಂಬರಿ ಬೀಜ 20 ಲೀಟರಿಗೆ 15–25 ಗ್ರಾಂ ಸಾಕು, ಅದೂ ಕುದಿಯ ಕೊನೆಯ ಐದು ಹತ್ತು ನಿಮಿಷದಲ್ಲಿ, ಇಲ್ಲದಿದ್ದರೆ ಕಂಪು ಆವಿಯ ಜೊತೆ ಹೋಗುತ್ತದೆ. ನಮ್ಮ ಉದ್ದನೆಯ ಬೀಜದಲ್ಲಿ ಕಿತ್ತಳೆಯ ಕಂಪು ಹೆಚ್ಚು, ವಿಟ್ ಮಾಡುವವರಿಗೆ ಇದು ಪ್ರಿಯ. ಅತಿಯಾದರೆ ಸೋಪಿನ ವಾಸನೆ ಬರುತ್ತದೆ.

ಬಾಯಲ್ಲಿ ತಿಳಿಯುವ ಗುರುತುಗಳು ಇವು. ಎಸೆನ್ಸು ಒಂದೇ ಸ್ವರ ಹಾಡುತ್ತದೆ: ಮೂಗಿಗೆ ಜೋರಾಗಿ ಬರುತ್ತದೆ, ನಾಲಿಗೆಯ ಮೇಲೆ ಆ ಹಣ್ಣಿನ ಹುಳಿ ಒಗರು ಏನೂ ಇರುವುದಿಲ್ಲ, ಬೆಚ್ಚಗಾದರೂ ಬದಲಾಗುವುದಿಲ್ಲ. ಚೆರ್ರಿ ಎಸೆನ್ಸು ಕಹಿಬಾದಾಮಿಯಂತೆ ನಾರುತ್ತದೆ. ಆದರೆ ಓಟೆ ಸಮೇತ ಹಣ್ಣು ನೆನೆಸಿದ ಕ್ರೀಕ್‌ನಲ್ಲಿಯೂ ಅದೇ ವಾಸನೆ ಸಹಜವಾಗಿ ಬರುತ್ತದೆ, ಹಾಗಾಗಿ ಜೊತೆಗೆ ಹುಳಿ ಇದೆಯೇ ನೋಡಿಯೇ ತೀರ್ಪು ಕೊಡಿ. ಕಾಯಿಸಿ ಸಾಂದ್ರಗೊಳಿಸಿದ ತಿರುಳು ತಾಜಾ ಮಾವಿನಂತಲ್ಲ, ಮಾಂಬಳದಂತೆ (ಒಣಗಿಸಿದ ಮಾವಿನ ರಸದ ಹಾಳೆ) ಇರುತ್ತದೆ, ಸ್ವಲ್ಪ ಬೆಲ್ಲ, ಸ್ವಲ್ಪ ಒಣಗಿದ ಅಂಚು. ತಾಜಾ ತಿರುಳು ಹುದುಗಿದ್ದರೆ ಸಿಹಿಯಿಲ್ಲದ, ಕಾಯಿಮಾವಿಗೆ ಹತ್ತಿರದ ಹುಳಿ ಮುಂದೆ ಬಂದು, ಹಣ್ಣು ಕಂಪಾಗಿ ಹಿಂದೆ ಉಳಿಯುತ್ತದೆ. ಬೆಲ್ಲದ ಬಿಯರೂ ಹೀಗೆಯೇ: ಸಿಹಿಯೆಲ್ಲ ಹುದುಗಿಹೋಗಿ, ಆಲೆಮನೆಯ ಕೊಪ್ಪರಿಗೆಯ ವಾಸನೆ ಮಾತ್ರ ನಿಲ್ಲುತ್ತದೆ. ‘ಬೆಲ್ಲ ಹಾಕಿದ್ದಾರೆ ಅಂತಾರೆ, ಸಿಹಿಯೇ ಇಲ್ಲ’ ಎಂಬ ದೂರಿಗೆ ಬೆಲೆಯಿಲ್ಲ.

ಎಸೆನ್ಸು ಎಂದರೆ ಕೀಳು ಎಂದು ಹಟ ಹಿಡಿಯಬೇಡಿ. ಹಣ್ಣಿನ ಸಾರವನ್ನು ಹದವಾಗಿ ಹಾಕಿದ ಹಗುರ ಲಾಗರ್, ಎರಡು ಕಿಲೋ ತಿರುಳು ಸುರಿದು ಕೆಸರಾದ ಬಿಯರಿಗಿಂತ ಚೆನ್ನಾಗಿರಬಹುದು. ಮೂಲ ಯಾವುದೆಂದು ಗುರುತಿಸಿ ಬರೆಯಿರಿ, ಅಂಕ ಗ್ಲಾಸಿನಲ್ಲಿರುವುದಕ್ಕೆ ಕೊಡಿ.

ಕೆಟ್ಟಿದ್ದನ್ನು ಗುರುತಿಸುವುದು

ಹಣ್ಣಿನ ಮರೆಯಲ್ಲಿ ದೋಷ ಅಡಗಿಸುವುದು ಹಳೆಯ ಚಾಳಿ. ಬೆಣ್ಣೆ ಅಥವಾ ಪಾಪ್‌ಕಾರ್ನ್ ವಾಸನೆ ಡಯಾಸಿಟೈಲ್‌ನದು. ಯೀಸ್ಟಿಗೆ ಅದನ್ನು ಮತ್ತೆ ಹೀರಿಕೊಳ್ಳಲು ಸಮಯ ಕೊಟ್ಟಿಲ್ಲ, ಇಲ್ಲವೇ ಟ್ಯಾಪಿನ ಪೈಪು ಕೊಳೆಯಾಗಿದೆ. ಮಾವಿನ ಜೊತೆ ಇದು ಮಿಲ್ಕ್‌ಶೇಕ್ ಎನಿಸಿ ಮೋಸಗೊಳಿಸುತ್ತದೆ, ಎಚ್ಚರ. ಹಸಿರು ಸೇಬಿನ ವಾಸನೆ ಅಸಿಟಾಲ್ಡಿಹೈಡ್. ಸಾಮಾನ್ಯವಾಗಿ ಅವಸರಕ್ಕೆ ಇಳಿಸಿದ ಎಳೆ ಬಿಯರ್. ಸೇಬಿನ ಬಿಯರಿನಲ್ಲಿ ಇದನ್ನು ಹಿಡಿಯುವುದು ಕಷ್ಟ. ಬೇಯಿಸಿದ ಜೋಳದ ವಾಸನೆ ಡಿಎಂಎಸ್ ಎಂಬ ಗಂಧಕದ ಸಂಯುಕ್ತದ್ದು. ಕುದಿ ಸಾಲದು ಅಥವಾ ಬೇಗ ತಣಿಸಿಲ್ಲ. ಒದ್ದೆ ರಟ್ಟು ಎಂದರೆ ಹಳೆಯದಾಗಿ ಗಾಳಿ ತಗುಲಿದೆ. ಬೇಸಿಗೆಯ ಗೋದಾಮಿನಲ್ಲಿ ಕೂತ ಕ್ಯಾನಿಗೆ ಇದು ಬೇಗ ಬರುತ್ತದೆ, ಆದ್ದರಿಂದ ತಯಾರಾದ ದಿನಾಂಕ ಬರೆಯದ ವಿಮರ್ಶೆ ಅರ್ಧ ವಿಮರ್ಶೆ. ಸುಟ್ಟ ರಬ್ಬರಿನ ನಾತ ಬಿಸಿಲಿನದು; ಹಸಿರು, ಬಿಳಿ ಬಾಟಲಿಗಳು ಹಾಪ್ಸನ್ನು ಬೆಳಕಿನಿಂದ ಕಾಯಲಾರವು. ಆಸ್ಪತ್ರೆಯ ಬ್ಯಾಂಡೇಜು ವಾಸನೆ ಬಂದರೆ ಅದು ಕ್ಲೋರಿನ್ ನೀರಿನ ತಪ್ಪಿರಬಹುದು.

ಹಾಕಿದ ಪದಾರ್ಥಕ್ಕೇ ಅಂಟಿದ ದೋಷಗಳೂ ಇವೆ. ಹಳಸಿದ ತೆಂಗು ಕಮಟು ಕೊಬ್ಬರಿಯಂತೆ ನಾರುತ್ತದೆ. ಹಳೆಯ ಕಾಫಿ ಸ್ಟೌಟ್ ದೊಣ್ಣೆಮೆಣಸಿನಕಾಯಿಯಂತೆ. ಕಿತ್ತಳೆಯ ಬಿಳಿಭಾಗ ಬಿದ್ದಿದ್ದರೆ ಕೊನೆಯಲ್ಲಿ ಕೆಟ್ಟ ಕಹಿ. ಲವಂಗ ಹೆಚ್ಚಾದರೆ ನಾಲಿಗೆ ಜೋಮು ಹಿಡಿಯುತ್ತದೆ, ದಂತವೈದ್ಯರ ಕುರ್ಚಿ ನೆನಪಾಗುತ್ತದೆ. ಏಲಕ್ಕಿ ಹಾಕಿದವರು ಗಂಟೆ ಲೆಕ್ಕ ಹಾಕಿ ಅದನ್ನು ತೆಗೆದುಬಿಡಬೇಕು. ಒಂದು ರಾತ್ರಿ ಮರೆತರೆ ಬಿಯರ್ ಹೋಗಿ ಪಾಯಸ.

ಅಂಕ ಮತ್ತು ಬರಹ

ಸ್ಪರ್ಧೆಗಳಲ್ಲಿ ಬಳಸುವ, ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಹಾಳೆ 50 ಅಂಕದ್ದು: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಮೂರೇ ಅಂಕ ಎಂಬುದನ್ನು ಗಮನಿಸಿ. ಫೋಟೋ ಚೆನ್ನಾಗಿ ಬಂತೆಂದು ಅಂಕ ಏರಿಸುವವರಿಗೆ ಇದು ಕಡಿವಾಣ. 45ರಿಂದ ಮೇಲೆ ಅಸಾಧಾರಣ, 38–44 ಅತ್ಯುತ್ತಮ, 30–37 ಬಹಳ ಚೆನ್ನ, 21–29 ಚೆನ್ನ, ಅದರ ಕೆಳಗೆ ದೋಷಗಳದ್ದೇ ಕಾರುಬಾರು. ಐದು ನಕ್ಷತ್ರದ ಆ್ಯಪಿಗೆ ಹಾಕುವುದಿದ್ದರೂ ಮೊದಲು 50ಕ್ಕೆ ಹಾಕಿ ಆಮೇಲೆ ಇಳಿಸಿ. ನೇರವಾಗಿ ನಕ್ಷತ್ರ ಹಾಕಿದರೆ ಎಲ್ಲವೂ ಮೂರು ಮುಕ್ಕಾಲಿಗೆ ಬಂದು ನಿಲ್ಲುತ್ತವೆ.

ಗುಂಪಿನಲ್ಲಿದ್ದರೆ ಬರೆದು ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು. ಒಬ್ಬರು ‘ಪೇರಳೆ ಹಣ್ಣು’ ಎಂದರೆ ಸಾಕು, ಉಳಿದ ನಾಲ್ಕು ಮೂಗಿಗೂ ಪೇರಳೆಯೇ. ಎರಡು ಬಿಯರ್ ನಿಜವಾಗಿ ಬೇರೆಯೇ ಎಂಬ ಅನುಮಾನ ಬಂದರೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ: ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು, ಸುರಿದವರು ಹೇಳಬಾರದು. ಬೇರೆಯದನ್ನು ಗುರುತಿಸಿ. ಊಹೆಯಿಂದಲೇ ಮೂರಕ್ಕೊಂದು ಸಲ ಸರಿಯಾಗುತ್ತದೆ, ಹಾಗಾಗಿ ಆರು ಸಲದಲ್ಲಿ ಐದು ಸಲ ಸರಿಯಾದರೆ ಮಾತ್ರ ನಂಬಿ.

ಬರಹ ಹೀಗಿರಬಹುದು:

‘ಮಾವಿನ ಗೋಧಿ ಬಿಯರ್, ಟ್ಯಾಪಿನಿಂದ, ಮೇ ತಿಂಗಳು, 7 ಡಿಗ್ರಿಯಿಂದ ಶುರು. ಮಸುಕು ಹೊಂಬಣ್ಣ, ನೊರೆ ಎರಡು ನಿಮಿಷ. ಮೂಗಿಗೆ ಮೊದಲು ಮಾಗಿದ ತೋತಾಪುರಿ, ಹಿಂದೆ ಬಾಳೆ, ಲವಂಗ ಸಣ್ಣಗೆ. ಮೂಗು ಹಿಡಿದಾಗ ಸಿಹಿ ಕಡಿಮೆ, ಕಾಯಿಮಾವಿನ ಹುಳಿ. ನಡುವೆ ಗೋಧಿಯ ಮೆತ್ತನೆ ಚೆನ್ನಾಗಿದೆ. 14 ಡಿಗ್ರಿಗೆ ಸೊನೆಯ ವಾಸನೆ ಎದ್ದು ಕೊನೆ ಕಟುವಾಯಿತು. 9, 3, 13, 4, 6, ಒಟ್ಟು 35. ತಂಪಾಗಿ ಬೇಗ ಕುಡಿದು ಮುಗಿಸುವವರಿಗೆ.’

ಇದರಲ್ಲಿ ‘ಅದ್ಭುತ’ ಇಲ್ಲ, ‘ಸೂಪರ್’ ಇಲ್ಲ. ಓದಿದವರಿಗೆ ತರಿಸಬೇಕೋ ಬೇಡವೋ ಗೊತ್ತಾಗುತ್ತದೆ. ನಿಮಗೆ ಹಿಡಿಸಲಿಲ್ಲ ಎಂಬುದೂ ಬಿಯರಿನಲ್ಲಿ ದೋಷವಿದೆ ಎಂಬುದೂ ಬೇರೆಬೇರೆ ವಾಕ್ಯಗಳಾಗಿರಲಿ.

ಬಿಯರಲ್ಲದ ಪಾನೀಯಗಳಿಗೆ

ಸುವಾಸನೆ ಬೆರೆಸಿದ ಜಿನ್, ವೋಡ್ಕಾ, ರಮ್ಮಿನ ಕ್ರಮ ಬೇರೆ. ಇಲ್ಲಿ ಮಾಮೂಲಿ ಶೇ. 42.8ರ ಮದ್ಯವನ್ನು ಹಾಗೇ ಮೂಸಿದರೆ ಮೂಗು ಸುಟ್ಟು ಬೇರೇನೂ ತಿಳಿಯುವುದಿಲ್ಲ. 15 ಮಿ.ಲೀ.ಗೆ ಅಷ್ಟೇ ನೀರು ಸೇರಿಸಿ ಶೇ. 21ಕ್ಕೆ ಇಳಿಸಿ, ಬಾಯಿ ತುಸು ತೆರೆದುಕೊಂಡು ಮೂಸಿ, 5 ಮಿ.ಲೀ. ಗುಟುಕರಿಸಿ ಉಗುಳಿ. ನುಂಗಬೇಕೆಂಬ ನಿಯಮ ಬಿಯರಿಗೆ ಮಾತ್ರ. ಗೋವಾದ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ತೀಕ್ಷ್ಣ ಗೇರುಹಣ್ಣಿನ ನಾತವನ್ನು ದೋಷವೆಂದು ಬರೆದವರು ಪಾನೀಯವನ್ನೇ ತಿಳಿದಿಲ್ಲ. ಮೊದಲ ಸಲ ಭಟ್ಟಿ ಇಳಿಸಿದಾಗ ಸಿಗುವ ಉರಾಕ್ ಹಗುರ, ಬೇಸಿಗೆಯಲ್ಲಷ್ಟೇ ಸಿಗುತ್ತದೆ, ನೀರು ಬೆರೆಸದೆಯೂ ನೋಡಬಹುದು.

ಕೊಡಗಿನ ಅಂಗಡಿಗಳಲ್ಲಿ ಸಿಗುವ ಮನೆವೈನುಗಳದ್ದು ಇನ್ನೊಂದು ಲೋಕ: ಶುಂಠಿ, ವೀಳ್ಯದೆಲೆ, ಪ್ಯಾಷನ್ ಫ್ರೂಟ್, ಗಾಂಧಾರಿ ಮೆಣಸು. ಇವು ಬಹಳ ಸಿಹಿ. ಆದ್ದರಿಂದ 10 ಡಿಗ್ರಿಗೆ ತಣಿಸಿ, 30 ಮಿ.ಲೀ. ಮೀರದಂತೆ ಹಾಕಿ. ವಿನೆಗರ್ ಅಥವಾ ಉಗುರುಬಣ್ಣದ ವಾಸನೆ ಬಂದರೆ ಕೆಟ್ಟಿದೆ ಎಂದು ಅಲ್ಲೇ ಬಿಡಿ. ವೀಳ್ಯದೆಲೆಯದನ್ನು ಮೂಗು ಹಿಡಿದು ನೋಡಿ, ಎಲೆಯ ಖಾರ ಎಷ್ಟು, ಕಂಪು ಎಷ್ಟು ಎಂದು ಸಲೀಸಾಗಿ ಬೇರೆಯಾಗುತ್ತದೆ. ಗಾಂಧಾರಿಯದು ಸಾಲಿನ ಕಟ್ಟಕಡೆಗೆ. ಅದಾದ ಮೇಲೆ ನೀರು ಕುಡಿದರೆ ಖಾರ ಹರಡುತ್ತದೆ, ಒಂದು ಚಮಚ ಮೊಸರು ಪಕ್ಕದಲ್ಲಿರಲಿ. ಪೆನ್ನಿನ ಮುಚ್ಚಳ ಹಾಕಿಬಿಡಿ, ಆ ದಿನಕ್ಕೆ ನಾಲಿಗೆಯ ಕೆಲಸ ಅಷ್ಟೇ.